ಪರೀಕ್ಷೆಗೆ ಹನ್ನೊಂದು ದಿನ, ತಲ್ಯಾಗ ಮಲಪ್ರಭಾ

ಇನ್ನ ಹನ್ನೊಂದು ದಿನ ಉಳದಾವ. ಟೇಬಲ್ ಮ್ಯಾಲೆ ನಾಕು ಪೇಪರಿನ ನೋಟ್ಸು, ಹಳೆ ಪ್ರಶ್ನೆಪತ್ರಿಕೆಗಳ ಝೆರಾಕ್ಸು, ಗೋಡೆಗೆ ಒಂದು ಇಂಡಿಯಾ ಮ್ಯಾಪು, ಅದರ ಮ್ಯಾಲೆ ನಾನು ಪೆನ್ಸಿಲ್‌ಲೇ ಬಾಣದ ಗುರ್ತು ಹಾಕಿ ಹಾಕಿ ಅರಬ್ಬಿ ಸಮುದ್ರನ ಕಪ್ಪಗ ಆಗೇತಿ. ರಾತ್ರಿ ಹನ್ನೊಂದೂವರೆ. ಓದೂದು ಬಿಟ್ಟು ಇದನ್ನ ಬರಿಯಾಕ ಕುಂತೀನಿ ಯಾಕಂದ್ರ ಇವತ್ತ ಸಂಜಿಮುಂದ ಅಪ್ಪನ ಜೋಡಿ ಫೋನಿನ್ಯಾಗ ಆದ ಮಾತು ತಲಿಯಿಂದ ಹೋಗವಲ್ದು, ಅದನ್ನ ಎಲ್ಲ್ಯಾರ ಬರದು ಇಟ್ಟ ಮ್ಯಾಲೇನ ಮುಂದಿನ ಚಾಪ್ಟರ್ ತಲಿಗೆ ಹತ್ತತೈತಿ ಅನಸ್ತು.

ನಾನು ನರಗುಂದ ತಾಲೂಕಿನಾಕಿ. ಬಿ.ಎಸ್ಸಿ ಮುಗಿಯೂತನಕ ಸಮುದ್ರ ನೋಡಿದ್ದಿಲ್ಲ. ಕಾರವಾರದಾಗ ಮರೈನ್ ಬಯಾಲಜಿ ಎಂ.ಎಸ್ಸಿಗೆ ಸೀಟ್ ಸಿಕ್ತು ಅಂತ ಬಂದಾಗನ, ಬಸ್ಸು ಅರಬೈಲ್ ಘಾಟ್ ಇಳದು ಅಂಕೋಲಾ ದಾಟಿದ ಮ್ಯಾಲೆ ಎಡಗಡೆ ಕಿಟಕಿಯಾಗ ಮೊದಲನೇ ಸಲ ಕಂಡಿದ್ದು. ಕೋಡಿಬಾಗದಾಗಿನ ನಮ್ಮ ಡಿಪಾರ್ಟ್‌ಮೆಂಟ್ ಕಾಳಿ ನದಿ ಸಮುದ್ರ ಸೇರೂ ಜಾಗದ ಹತ್ರಾನ ಐತಿ. ಕ್ಲಾಸಿನ್ಯಾಗ ಅರ್ಧ ಮಂದಿ ಕರಾವಳಿಯವರು, ಅವರಿಗೆ ಮೀನಿನ ಹೆಸರು ಹಾಲು ಕುಡಿಯೂ ವಯಸ್ಸಿನ್ಯಾಗನ ಬಂದಿರತಾವ. ನಮ್ಮ ಮನ್ಯಾಗ ಮೀನ ತರಂಗಿಲ್ಲ. ಮೊದಲನೇ ಪ್ರಾಕ್ಟಿಕಲ್ಲಿನ್ಯಾಗ ಟ್ರೇದಾಗ ಇಟ್ಟ ಮೀನು ಮುಟ್ಟಾಕ ನಂಗ ಹತ್ತು ನಿಮಿಷ ಬೇಕಾತು, ಬಾಜೂಕ ನಿಂತಿದ್ದ ಅಂಕೋಲಾದ ಗೆಳತಿ ನನ್ನ ಕೈ ಹಿಡದು ಕಿವಿರಿನ ಮುಚ್ಚಳ ಎತ್ತಿ ತೋರಿಸಿದ್ಲು, ಈಗ ಆಕೀನ ನನ್ನ ರೂಮ್‌ಮೇಟ್.

ಆಕಿ ಕಲಿಸಿದ್ದು ಹೆಸರಲ್ಲ, ನೋಡೂ ರೀತಿ. ತಾರ್ಲೆ (ಮಂಗಳೂರು ಕಡೆ ಇದಕ್ಕ ಬೂತಾಯಿ ಅಂತಾರ) ಕಿವಿರಿನ ಒಳಗ ಬಾಚಣಿಗಿ ಹಲ್ಲಿನಂಗ ಉದ್ದುದ್ದ ಸಾಲು ಇರತಾವ, ಗಿಲ್ ರೇಕರ್ ಅಂತಾರ, ನೀರು ಅದರಾಗ ಹಾದು ಹೋಗೂ ಹೊತ್ತಿಗೆ ಡಯಾಟಮ್ (ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ) ಎಲ್ಲಾ ಸೋಸಿ ಉಳಕೋತಾವ. ಪುಸ್ತಕದಾಗ 'ಪ್ಲಾಂಕ್ಟನ್ ಫೀಡರ್' (ನೀರಾಗ ತೇಲೂ ಸಣ್ಣ ಸಣ್ಣ ಜೀವ ತಿನ್ನೂ ಮೀನು) ಅಂತ ಎರಡ ಶಬ್ದ ಇತ್ತು, ಬೆರಳ ಮ್ಯಾಲೆ ಆ ಬಾಚಣಿಗಿ ಹರಡಿ ನೋಡಿದ ಮ್ಯಾಲೆ ಅದು ಎಂದೂ ಮರಿಯಂಗಿಲ್ಲ. ಸೈಂಟಿಫಿಕ್ ಹೆಸರು ಬಾಯಿಪಾಠ ಮಾಡಾಕ ಎಲ್ಲಾರೂ ಒದ್ದಾಡತಾರಲ್ಲ, ನಾನು ಪ್ರತಿ ಹೆಸರಿನ ಅರ್ಥ ಹುಡುಕಾಕ ಚಾಲೂ ಮಾಡಿದೆ. ತಾರ್ಲೆಗೆ ಸಾರ್ಡಿನೆಲ್ಲಾ ಲಾಂಜಿಸೆಪ್ಸ್, ಲಾಂಜಿಸೆಪ್ಸ್ ಅಂದ್ರ ಉದ್ದ ತಲಿಯದು, ತಲಿ ನಿಜವಾಗ್ಲೂ ಉದ್ದ ಐತಿ. ಬಂಗುಡೆಗೆ ರಾಸ್ಟ್ರೆಲಿಜರ್ ಕಾನಗುರ್ಟಾ, ಈ ಕಾನಗುರ್ಟಾ ಲ್ಯಾಟಿನ್ ಅಲ್ಲ, ತೆಲುಗಿನ ಮೀನುಗಾರರು ಬಂಗುಡೆಗೆ ಕರಿಯೂ ಹೆಸರು, ವಿಶಾಖಪಟ್ಟಣದ ಕಡೆ ಮೀನುಗಳ ಬಗ್ಗೆ ಪ್ಯಾಟ್ರಿಕ್ ರಸೆಲ್ 1803ರಾಗ ಪುಸ್ತಕ ಮಾಡಿದಾಗ ಊರಿನವರು ಹೇಳಿದ ಹೆಸರನ್ನ ಬರಕೊಂಡಿದ್ದ, ಆಮ್ಯಾಲೆ ಅದ ವಿಜ್ಞಾನದ ಹೆಸರಾತು. ಇದು ಗೊತ್ತಾದ ದಿನ ನಂಗ ಭಾಳ ಖುಷಿ ಆತು. ದಂಡಿ ಮ್ಯಾಲಿನ ಯಾರೋ ಒಬ್ಬರು ಬಾಯಿಲೇ ಹೇಳಿದ ಮಾತು ಇವತ್ತ ಜಗತ್ತಿನ ಎಲ್ಲಾ ಪರೀಕ್ಷೆದಾಗ ಬರೀತಾರ.

ಆದ್ರ ಮೀನಿನ ಪೇಪರ್ ನಂಗ ಅಂಜಿಕಿ ಇದ್ದದ್ದಲ್ಲ. ಅಂಜಿಕಿ ಇದ್ದದ್ದು ಓಷನೋಗ್ರಫಿ, ಅಂದ್ರ ಸಮುದ್ರ ವಿಜ್ಞಾನ. ಪುಸ್ತಕದ ಉದಾಹರಣೆ ಎಲ್ಲಾ ಪೆರು, ಕ್ಯಾಲಿಫೋರ್ನಿಯಾ, ಗಲ್ಫ್ ಸ್ಟ್ರೀಮ್. ಓದತೀನಿ, ತಿಳೀತು ಅನಸತೈತಿ, ಮರುದಿನ ಬರಿಯಾಕ ಹೋದ್ರ ಏನೂ ಬರಂಗಿಲ್ಲ. ಎರಡನೇ ಸೆಮಿಸ್ಟರಿನ್ಯಾಗ ಮಾರ್ಕ್ಸ್ ಕಮ್ಮಿ ಬಂದ ಮ್ಯಾಲೆ ಒಂದು ಪದ್ಧತಿ ಮಾಡಿಕೊಂಡೆ: ಯಾವ ಟಾಪಿಕ್ ಇರ್ಲಿ, ಪುಸ್ತಕ ಮುಚ್ಚಿ, ಇದು ನಂಗ ಗೊತ್ತಿರೂ ನೆಲದ ಮ್ಯಾಲೆ ಹೆಂಗ ಆಗತೈತಿ ಅಂತ ಕೇಳಿಕೊಳ್ಳೂದು, ಆಮ್ಯಾಲೆ ಅದನ್ನ ನಮ್ಮ ದಂಡಿಗೆ ತಂದು ನಿಲ್ಲಸೂದು.

ಲವಣಾಂಶದಿಂದ ಚಾಲೂ ಮಾಡಿದೆ. ಸಮುದ್ರದ ನೀರು ಸರಾಸರಿ 35, ಅಂದ್ರ ಒಂದು ಕಿಲೋ ನೀರಾಗ 35 ಗ್ರಾಂ ಉಪ್ಪು. ರಜಾಕ್ಕ ಊರಿಗೆ ಹೋದಾಗ ಅಡಗಿಮನ್ಯಾಗ ತಕ್ಕಡಿ ಇಟ್ಟು 35 ಗ್ರಾಂ ಉಪ್ಪು ತೂಗಿ 965 ಗ್ರಾಂ ನೀರಿಗೆ ಹಾಕಿ ಕಲಸಿದೆ, ಅವ್ವ ಬಂದು 'ಉಪ್ಪು ಯಾಕ ಚೆಲ್ಲಾಕತ್ತೀ' ಅಂತ ಬೈದ್ಲು, ಆಮ್ಯಾಲೆ ಆಕೀನೂ ಒಂದು ಹನಿ ನಾಲಿಗೆ ಮ್ಯಾಲೆ ಇಟ್ಟುಕೊಂಡು ಮುಖ ಸಣ್ಣದು ಮಾಡಿದ್ಲು. ಖರೇ ಸಮುದ್ರದ ನೀರಾಗ ಬರೇ ಅಡಗಿ ಉಪ್ಪಿರಂಗಿಲ್ಲ. ಕ್ಲೋರೈಡ್ ಹತ್ತತ್ರ 55 ಪರ್ಸೆಂಟ್, ಸೋಡಿಯಂ 31ರ ಹತ್ರ, ಉಳದದ್ದರಾಗ ಸಲ್ಫೇಟ್, ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟ್ಯಾಷಿಯಂ. ಇದರಾಗ ಪರೀಕ್ಷೆಗೆ ಬೇಕಾದ ಮಾತಂದ್ರ, ತೆರೆದ ಸಮುದ್ರದಾಗ ಎಲ್ಲಿ ಹೋದ್ರೂ ಒಟ್ಟು ಉಪ್ಪು ಹೆಚ್ಚುಕಮ್ಮಿ ಆಗಬಹುದು, ಆದ್ರ ಈ ಪಾಲುಗಳ ಲೆಕ್ಕ ಬದಲಾಗಂಗಿಲ್ಲ. 1872ರಿಂದ 1876ರ ತನಕ ಚಾಲೆಂಜರ್ ಹಡಗು ಜಗತ್ತು ಸುತ್ತಿ ತಂದ ನೀರಾಗ 77 ಸ್ಯಾಂಪಲ್ ತಗೊಂಡು ಡಿಟ್ಮಾರ್ ಅನ್ನೂ ರಸಾಯನಶಾಸ್ತ್ರಜ್ಞ ಇದನ್ನ ಗಟ್ಟಿ ಮಾಡಿ ತೋರಿಸಿದ. ಅದಕ್ಕನ ಕ್ಲೋರಿನಿಟಿ (ಹೆಚ್ಚುಕಮ್ಮಿ ನೀರಾಗಿನ ಕ್ಲೋರೈಡಿನ ಪ್ರಮಾಣ) ಒಂದನ್ನ ಅಳದು 1.80655ರಿಂದ ಗುಣಿಸಿದ್ರ ಲವಣಾಂಶ ಸಿಗತೈತಿ. ಅಡಗಿಮನಿ ನೀರಿಗೆ ಈ ಸೂತ್ರ ಹತ್ತಂಗಿಲ್ಲ, ಯಾಕ ಹತ್ತಂಗಿಲ್ಲ ಅನ್ನೂದು ತಿಳದ್ರ ಉತ್ತರ ಅರ್ಧ ಬರದಂಗ.

ಮುಂದಿನದು, ಅರಬ್ಬಿ ಸಮುದ್ರ ಯಾಕ ಜಾಸ್ತಿ ಉಪ್ಪು, ಬಂಗಾಳಕೊಲ್ಲಿ ಯಾಕ ಕಮ್ಮಿ. ಹಳೆ ಪೇಪರಿನ್ಯಾಗ ಇದು ಮತ್ತ ಮತ್ತ ಬಂದೈತಿ. ಎರಡೂ ಒಂದ ಅಕ್ಷಾಂಶದಾಗ ಅದಾವ, ಒಂದ ಮಾನ್ಸೂನು. ಆದ್ರ ಉತ್ತರ ಅರಬ್ಬಿಯಾಗ ಲವಣಾಂಶ 36 ದಾಟತೈತಿ, ಬಂಗಾಳಕೊಲ್ಲಿಯ ತಲಿ ಕಡೆ ಮಳೆಗಾಲ ಮುಗದ ಮ್ಯಾಲೆ 30ಕ್ಕಿಂತ ಕೆಳಗ ಬರತೈತಿ. ಉಪ್ಪು ಯಾಕ ಜಾಸ್ತಿ ಅನ್ನೂದು ನರಗುಂದದವರಿಗೆ ಹೇಳಿಕೊಡೂದು ಬ್ಯಾಡ. ಕಾಲುವಿ ನೀರು ಜಾಸ್ತಿ ಬಿಟ್ಟು ಬಿಟ್ಟು ನಮ್ಮ ಕಡೆ ಎಷ್ಟೋ ಎರಿ ಹೊಲ ಸವಳಾಗ್ಯಾವ, ಕೆಳಗಿನ ನೀರು ಮ್ಯಾಲೆ ಬರತೈತಿ, ಬಿಸಿಲಿಗೆ ಆವಿ ಆಗಿ ಹೋಗತೈತಿ, ಉಪ್ಪು ಮಾತ್ರ ಬೆಳ್ಳಗ ಹೊಲದ ಮ್ಯಾಲೆ ಕುಂದರತೈತಿ. ಅರಬ್ಬಿ ಸಮುದ್ರದಾಗ ಆಗೂದೂ ಅದ, ಬೀಳೂ ಮಳಿಗಿಂತ ಆವಿ ಆಗಿ ಹೋಗೂದು ಜಾಸ್ತಿ. ನಮ್ಮ ಎರಡು ಎಕರೆ ಸವಳು ನೆನಪಾದ ಕ್ಷಣ ನಂಗ ಆ ಚಾಪ್ಟರ್ ಪೂರ್ತಿ ತಿಳೀತು.

ಇನ್ನ ಬಂಗಾಳಕೊಲ್ಲಿ ಯಾಕ ಕಮ್ಮಿ ಉಪ್ಪು? ನದಿ. ಗಂಗಾ, ಬ್ರಹ್ಮಪುತ್ರ, ಮಹಾನದಿ, ಗೋದಾವರಿ, ಕೃಷ್ಣಾ. ಕೃಷ್ಣಾ ಅಂತ ಬರದು ನನ್ನ ಪೆನ್ಸಿಲ್ ನಿಂತುಬಿಡ್ತು. ಮ್ಯಾಪಿನ್ಯಾಗ ಕೃಷ್ಣಾದಿಂದ ಹಿಂದಕ್ಕ ಬೆರಳು ಹಿಡದು ಹೋದೆ, ಕೂಡಲಸಂಗಮ, ಅಲ್ಲಿಂದ ಮಲಪ್ರಭಾ, ನವಿಲುತೀರ್ಥದ ಡ್ಯಾಮು, ಖಾನಾಪುರ, ಕಣಕುಂಬಿ. ಕಣಕುಂಬಿಯಿಂದ ಅರಬ್ಬಿ ಸಮುದ್ರ ಎಷ್ಟು ಹತ್ರ ಐತಿ ಅಂದ್ರ ಮ್ಯಾಪಿನ್ಯಾಗ ಎರಡ ಬೆರಳಿನ ಅಂತರ. ಅರಬ್ಬಿ ಸಮುದ್ರದಿಂದ ಎದ್ದ ಆವಿ ಮಾನ್ಸೂನ್ ಗಾಳಿ ಹತ್ತಿ ಬಂದು ಘಟ್ಟಕ್ಕ ಬಡದು ಮಳಿ ಆಗಿ ಬೀಳತೈತಿ, ಬಿದ್ದ ನೀರು ಹತ್ರದ ಸಮುದ್ರಕ್ಕ ಹೊಳ್ಳಿ ಹೋಗದ ಬೆನ್ನು ತಿರುಗಿಸಿ ಪೂರ್ವಕ್ಕ ನಡೀತೈತಿ, ನಮ್ಮ ಊರು ಹೊಲ ಎಲ್ಲಾ ದಾಟಿ ಇಡೀ ದಖ್ಖನ್ ಹಾದು ಬಂಗಾಳಕೊಲ್ಲಿಗೆ ಹೋಗಿ ಬೀಳತೈತಿ. ಅಂದ್ರ ಒಂದು ಸಮುದ್ರದಾಗ ಉಪ್ಪು ಬಿಟ್ಟು ಬಂದ ನೀರು ಇನ್ನೊಂದು ಸಮುದ್ರದ ಉಪ್ಪು ಕಮ್ಮಿ ಮಾಡತೈತಿ. ನಾನು ಸಣ್ಣಾಕಿ ಇದ್ದಾಗ ಬಟ್ಟಿ ಒಗಿಯಾಕ ಹೋಗ್ತಿದ್ದ ನದಿ ಈ ಹತ್ತು ಮಾರ್ಕ್ಸಿನ ಉತ್ತರದಾಗ ಬರತೈತಿ ಅಂತ ಯಾರೂ ಹೇಳಿದ್ದಿಲ್ಲ. ಅವತ್ತ ರಾತ್ರಿ ನಿದ್ದಿ ಬರ್ಲಿಲ್ಲ ನಂಗ.

ಗಾಳಿನೂ ಹಂಗ. ಅಪ್‌ವೆಲ್ಲಿಂಗ್ (ಕೆಳಗಿನ ನೀರು ಮ್ಯಾಲೆ ಏರಿ ಬರೂದು) ಅಂದ್ರ ಎಲ್ಲಾರೂ ಪೆರು ಬರೀತಾರ. ನಮ್ಮದ ಪಶ್ಚಿಮ ಕರಾವಳಿ ಐತಲ್ಲ! ಜೂನಿನಿಂದ ಸೆಪ್ಟೆಂಬರ್ ತನಕ ಕಪ್ಪತಗುಡ್ಡದ ಮ್ಯಾಲಿನ ಗಾಳಿಯಂತ್ರ ತಿರುಗಸೂ ಅದ ಮಾನ್ಸೂನ್ ಗಾಳಿ, ದಂಡಿ ಹತ್ರ ಸ್ವಲ್ಪ ವಾಯವ್ಯದ ಕಡೆಯಿಂದ ಬೀಸತೈತಿ, ಅಂದ್ರ ಅದರ ಒಂದು ಪಾಲು ದಂಡಿಗುಂಟ ದಕ್ಷಿಣಕ್ಕ ಹೋಗತೈತಿ. ನ್ಯಾನ್ಸೆನ್ ಫ್ರಾಮ್ ಹಡಗಿನ್ಯಾಗ ಉತ್ತರಧ್ರುವದ ಕಡೆ ಹೋದಾಗ ಮಂಜಿನ ಗಡ್ಡೆ ಗಾಳಿ ಹೋದ ದಿಕ್ಕಿಗೆ ಹೋಗದ 20ರಿಂದ 40 ಡಿಗ್ರಿ ಬಲಕ್ಕ ಹೋಗೂದು ನೋಡಿದ್ದ, ಎಕ್ಮನ್ ಅದರ ಲೆಕ್ಕ ಬಿಡಿಸಿದ, ಉತ್ತರಾರ್ಧಗೋಳದಾಗ ಮ್ಯಾಲಿನ ಪದರದ ನೀರು ಒಟ್ಟಾರೆ ಗಾಳಿಯ ಬಲಕ್ಕ 90 ಡಿಗ್ರಿ ಹೋಗತೈತಿ. ನಾನು ಹಾಸ್ಟೆಲಿನ ಮಾಳಗಿ ಮ್ಯಾಲೆ ದಕ್ಷಿಣಕ್ಕ ಮುಖ ಮಾಡಿ ನಿಂತು ಬಲಗೈ ಚಾಚತೀನಿ, ಕೈ ನೆಟ್ಟಗ ಸಮುದ್ರದ ಕಡೆ ತೋರಸತೈತಿ. ದಂಡಿ ಬಿಟ್ಟು ನೀರು ಆಕಡೆ ಹೋದ್ರ ಖಾಲಿ ಆದ ಜಾಗಕ್ಕ ಕೆಳಗಿನ ತಣ್ಣನ ನೀರು ಏರಿ ಬರತೈತಿ. ಪರೀಕ್ಷೆ ಹಾಲಿನ್ಯಾಗ ಕುಂತಲ್ಲೇ ಬಲಗೈ ಸ್ವಲ್ಪ ಎತ್ತಿದ್ರೂ ಸಾಕು, ಉತ್ತರ ತಪ್ಪಂಗಿಲ್ಲ. ಪೆರುವಿನ್ಯಾಗ ಗಾಳಿ ಉತ್ತರಕ್ಕ ಹೋಗತೈತಿ, ಅದು ದಕ್ಷಿಣಾರ್ಧಗೋಳ, ಅಲ್ಲಿ ನೀರು ಗಾಳಿಯ ಎಡಕ್ಕ ಹೋಗತೈತಿ, ಅದಕ್ಕ ಎಡಗೈ, ಅದೂ ಪಶ್ಚಿಮಕ್ಕನ.

ಇಲ್ಲಿ ಒಂದು ಮಾತು ಜೂನಿಯರ್ಸ್‌ಗೆ ಹೇಳಲೇಬೇಕು. ಅಪ್‌ವೆಲ್ಲಿಂಗ್ ಆದ್ರ ಪೋಷಕಾಂಶ ಬಂತು, ಡಯಾಟಮ್ ಬೆಳೀತು, ಮೀನು ಹೆಚ್ಚಾತು ಅಂತ ಅಷ್ಟಕ್ಕ ನಿಲ್ಲಿಸಬ್ಯಾಡ್ರಿ. ನಮ್ಮ ಕಡೆ ಏರಿ ಬರೂ ನೀರಾಗ ಆಕ್ಸಿಜನ್ ಭಾಳ ಕಮ್ಮಿ. ಅರಬ್ಬಿ ಸಮುದ್ರದಾಗ ಸುಮಾರು 150 ಮೀಟರಿನಿಂದ 1000 ಮೀಟರ್ ತನಕ ಆಕ್ಸಿಜನ್ ಇಲ್ಲ ಅನ್ನೂವಷ್ಟು ಕಮ್ಮಿ ಇರೂ ದೊಡ್ಡ ಪದರ ಐತಿ. ಮ್ಯಾಲೆ ಬೆಳದದ್ದೆಲ್ಲಾ ಸತ್ತು ಕೆಳಗ ಇಳದು ಕೊಳೀಬೇಕಾದ್ರ ಇದ್ದ ಆಕ್ಸಿಜನ್ನೂ ಖರ್ಚಾಗತೈತಿ. ಗೋವಾದ ಕ್ಯಾಂಡೋಲಿಮ್ ಮುಂದ ಎನ್‌ಐಓ (ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ) ವಿಜ್ಞಾನಿಗಳು 1990ರ ದಶಕದ ಕೊನಿಯಿಂದ ಅಳಕೋಂತ ಬಂದಾರ, ಮಳೆಗಾಲ ಮುಗಿಯೂ ಹೊತ್ತಿಗೆ ಅಲ್ಲಿ ತಳದ ನೀರಾಗ ಆಕ್ಸಿಜನ್ ಪೂರ್ತಿ ಹೋಗಿ ಹೈಡ್ರೋಜನ್ ಸಲ್ಫೈಡ್ ಬಂದದ್ದೂ ಸಿಕ್ಕೈತಿ. ವಿಂಕ್ಲರ್ ಪ್ರಾಕ್ಟಿಕಲ್ (ನೀರಾಗಿನ ಆಕ್ಸಿಜನ್ ಅಳಿಯೂದು) ಮಾಡೂ ಮುಂದ ಇದನ್ನ ನೆನಸ್ರಿ, ಬಾಟಲಿಗೆ ಮ್ಯಾಂಗನೀಸ್ ಸಲ್ಫೇಟ್ ಮತ್ತ ಆಲ್ಕಲೈನ್ ಅಯೋಡೈಡ್ ಹಾಕಿದಾಗ ಕಂದು ಬಣ್ಣದ ಗಸಿ ಬಂದ್ರ ಆಕ್ಸಿಜನ್ ಐತಿ, ಬೆಳ್ಳಗ ಉಳದ್ರ ಇಲ್ಲ. ಒಂದ ಒಂದು ಗಾಳಿಗುಳ್ಳಿ ಬಾಟಲಿಯೊಳಗ ಉಳದ್ರೂ ಲೆಕ್ಕ ಸುಳ್ಳಾಗತೈತಿ.

ಈಗ ಇವತ್ತಿನ ಮಾತಿಗೆ ಬರತೀನಿ. ಇವತ್ತ ಓದಿದ್ದು ಎಸ್ಟುಅರಿ, ಅಂದ್ರ ಅಳಿವೆ. ನದಿ ಸಮುದ್ರಕ್ಕ ಕೂಡೂ ಜಾಗ.

ನರಗುಂದ ಅಂದ ಕೂಡ್ಲೇ ನಿಮಗ ಮಹದಾಯಿ ಹೋರಾಟ ನೆನಪಾಗಿರಬೇಕು. 2015ರಾಗ ಟೆಂಟ್ ಹಾಕಿದಾಗ ಅಪ್ಪ ಕೆಲಸ ಬಿಟ್ಟು ಹೋಗಿ ಕುಂದರ್ತಿದ್ದ, ನಾನು ಸಾಲಿ ಹುಡುಗಿ, ಮಧ್ಯಾಹ್ನ ಬುತ್ತಿ ಒಯ್ದು ಕೊಡ್ತಿದ್ದೆ. ಅಲ್ಲಿ ದಿನಾ ಕೇಳಿದ ಮಾತು, 'ಸಮುದ್ರಕ್ಕ ಹರದು ದಂಡ ಆಗೂ ನೀರು'. ಮಹದಾಯಿಗೆ ಸೇರೂ ಕಳಸಾ-ಬಂಡೂರಿ ಹಳ್ಳದ ನೀರು ತಿರುಗಿಸಿ ಮಲಪ್ರಭಾಕ್ಕ ಬಿಟ್ರ ನಮಗ ಕುಡಿಯಾಕ ಆಗತೈತಿ, ಹಂಗ ಬಿಟ್ರ ಗೋವಾ ದಾಟಿ ಸಮುದ್ರದಾಗ ಸುಮ್ಮನ ಹೋಗತೈತಿ. ನಾನೂ ಹಂಗ ಅನಕೊಂಡ ಬೆಳದಾಕಿ. ಬ್ಯಾಸಗಿಯಾಗ ನಮ್ಮ ಓಣಿಯಾಗ ಟ್ಯಾಂಕರ್ ಹಿಂದ ಕೊಡ ಹಿಡದು ಓಡಿದ ಯಾರಿಗೂ ಆ ಮಾತು ಸುಳ್ಳು ಅನಸಂಗಿಲ್ಲ.

ಆದ್ರ ಈ ಚಾಪ್ಟರಿನ್ಯಾಗ 'ದಂಡ' ಅನ್ನೂ ಶಬ್ದಕ್ಕ ಜಾಗನ ಇಲ್ಲ. ನದಿ ನೀರು ತನ್ನ ಜೋಡಿ ಸಿಲಿಕೇಟ್ ತರತೈತಿ, ಸಿಲಿಕೇಟ್ ಇಲ್ಲಂದ್ರ ಡಯಾಟಮ್ ತನ್ನ ಚಿಪ್ಪು ಕಟ್ಟಾಕ ಆಗಂಗಿಲ್ಲ, ಡಯಾಟಮ್ ಇಲ್ಲಂದ್ರ ನಾನು ಮ್ಯಾಲೆ ಹೇಳಿದ ಬಾಚಣಿಗಿಗೆ ಸಿಗೂದೇನು? ಹೂಳು ತರತೈತಿ, ಆ ಹೂಳಿನ ಮ್ಯಾಲೇನ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಬೇರು ಬಿಡತಾವ. ಬಳಚಿಗೆ (ಎರಡು ಚಿಪ್ಪಿನ ಸಣ್ಣ ಪ್ರಾಣಿ) ಪೂರ್ತಿ ಉಪ್ಪೂ ಆಗಂಗಿಲ್ಲ ಪೂರ್ತಿ ಸಿಹಿನೂ ಆಗಂಗಿಲ್ಲ, ಎರಡರ ನಡುವಿನ ನೀರು ಬೇಕು. ಸಿಗಡಿ ಸಮುದ್ರದಾಗ ತತ್ತಿ ಇಡತಾವ, ಮರಿ ಮಾತ್ರ ಅಳಿವೆಗೆ ಬಂದು ಬೆಳೀತಾವ. ಈಜಿಪ್ಟಿನ ಉದಾಹರಣೆ ಓದಿ ನಾನು ಪುಸ್ತಕ ಕೆಳಗ ಇಟ್ಟುಬಿಟ್ಟೆ. ನೈಲ್ ನದಿಗೆ ಆಸ್ವಾನ್ ಹೈ ಡ್ಯಾಮ್ ಕಟ್ಟಿ ಪ್ರವಾಹ ನಿಂತ ಮ್ಯಾಲೆ, 1962ರಾಗ ಅಲ್ಲಿನ ದಂಡಿ ಮುಂದ ಸುಮಾರು 18 ಸಾವಿರ ಟನ್ ಸಿಗ್ತಿದ್ದ ಸಾರ್ಡಿನ್ ಆ ದಶಕ ಮುಗಿಯೂದರಾಗ ಸಾವಿರ ಟನ್ನಿಗಿಂತ ಕೆಳಗ ಬಂತು. ಸಮುದ್ರಕ್ಕ ದಂಡ ಆಗಿ ಹೋಗ್ತಿದ್ದ ನೀರೇ ಆ ಮೀನು ಸಾಕ್ತಿತ್ತು.

ಹೋದ ವರ್ಷ ಫೀಲ್ಡ್ ಟ್ರಿಪ್‌ಗೆ ಅಘನಾಶಿನಿ ಅಳಿವೆಗೆ ಕರಕೊಂಡು ಹೋಗಿದ್ರು, ಕುಮಟಾ ಹತ್ರ. ಆ ನದಿಗೆ ದೊಡ್ಡ ಡ್ಯಾಮ್ ಯಾವೂ ಇಲ್ಲ, 2024ರಾಗ ಅದರ ಅಳಿವೆಗೆ ರಾಮ್ಸಾರ್ ಪಟ್ಟಿಯಾಗ (ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಜಾಗ ಸಿಕ್ತು. ಇಳಿತದ ಹೊತ್ತಿನ್ಯಾಗ ಹೆಣ್ಣುಮಕ್ಕಳು ಮೊಣಕಾಲು ಮಟ ನೀರಾಗ ಬಗ್ಗಿ ಬಳಚು ಆರಿಸ್ತಿದ್ರು. ಬಾಜೂಕ ಗಜನಿ ಗದ್ದಿ, ಅಲ್ಲಿ ಕಗ್ಗ ಅಂತ ಒಂದು ಭತ್ತ ಬೆಳೀತಾರ, ಉಪ್ಪು ತಡಕೊಳ್ಳೂ ಭತ್ತ, ಮಳೆಗಾಲದ ಸಿಹಿನೀರು ಗದ್ದಿ ಉಪ್ಪು ತೊಳದ ಮ್ಯಾಲೆ ಬೆಳೀತೈತಿ. ಸವಳು ಹೊಲದ ಮಗಳು ನಾನು, ಅಲ್ಲೇ ಗದ್ದಿ ಬದುವಿನ ಮ್ಯಾಲೆ ಕುಂತುಬಿಟ್ಟೆ. ಅವತ್ತ ಅಪ್ಪಗ ಫೋಟೋ ಕಳಿಸಿದ್ದೆ, 'ಬೀಜ ಸಿಗತಾವೇನು ಕೇಳು' ಅಂತ ಅಂದಿದ್ದ.

ಇವತ್ತ ಸಂಜಿಮುಂದ ಅಪ್ಪ ಫೋನ್ ಮಾಡಿ 'ಏನ್ ಓದಾಕತ್ತೀಯವ್ವಾ' ಅಂದ. ಹೇಳಿದೆ. ನೈಲ್ ನದಿದು, ಸಾರ್ಡಿನ್‌ದು, ಸಿಲಿಕೇಟ್ ಅಂದ್ರ ಏನು ಅನ್ನೂದು, ಎಲ್ಲಾ. ಸುಮ್ಮನ ಕೇಳಿದ. ಆಮ್ಯಾಲೆ, 'ಹಂಗಾದ್ರ ನಾವು ಅಷ್ಟು ವರ್ಷ ಕುಂತದ್ದು ತಪ್ಪೇನು?' ಅಂದ.

ಸಿಟ್ಟಿನಿಂದ ಕೇಳಿದ್ದಲ್ಲ, ತಿಳಕೊಳ್ಳಾಕ ಕೇಳಿದ. ನಂಗ ಗಂಟಲು ಕಟ್ಟಿದಂಗ ಆತು. ತಪ್ಪಲ್ಲಪ್ಪಾ ಅಂದೆ, ಕುಡಿಯೂ ನೀರು ಕೇಳೂದು ಎಂದೂ ತಪ್ಪಲ್ಲ, ಆದ್ರ ಸಮುದ್ರಕ್ಕ ಹೋಗೂದು ದಂಡ ಅನ್ನೂ ಮಾತು ಮಾತ್ರ ಖರೇ ಅಲ್ಲ ಅಂದೆ. 'ಮತ್ತ ಎಷ್ಟು ಬಿಡಬೇಕು ಸಮುದ್ರಕ್ಕ? ನಿಮ್ಮ ಪುಸ್ತಕದಾಗ ಲೆಕ್ಕ ಐತೇನು?' ಅಂದ. ಎಲ್ಲಾ ನದಿಗೂ ಹತ್ತೂ ಒಂದ ಸಂಖ್ಯೆ ಇಲ್ಲಪ್ಪಾ, ಎಷ್ಟು ಅನ್ನೂದರ ಜೋಡಿ ಯಾವಾಗ ಅನ್ನೂದೂ ಮುಖ್ಯ, ಮಳೆಗಾಲದ ಮೊದಲ ನೀರು ಬಂದಾಗ ಅಳಿವೆಯಾಗ ಏನೇನು ನಡೀತೈತಿ, ಬ್ಯಾಸಗಿಯಾಗ ಉಪ್ಪು ಎಲ್ಲಿತನಕ ಏರತೈತಿ, ಅದನ್ನ ಆಯಾ ನದಿಯಾಗ ವರ್ಷಾನುಗಟ್ಟಲೆ ಅಳೀಬೇಕು ಅಂದೆ. 'ಹಂಗಾದ್ರ ಅಳಿಯೂ ಕೆಲಸ ಕಲಕೋ' ಅಂದ ಅಪ್ಪ.

ಅಪ್ಪನ ಮಾತು ಕೇಳಿದ ಮ್ಯಾಲೆ ನನ್ನ ಎಸ್ಟುಅರಿ ನೋಟ್ಸ್ ಪೂರ್ತಿ ಹರದು ಹೊಸದಾಗಿ ಬರದೆ. ಮೊದಲು ವ್ಯಾಖ್ಯೆ, ಆಮ್ಯಾಲೆ ವಿಧಗಳು, ಆಮ್ಯಾಲೆ ಮಹತ್ವ ಅಂತ ಇತ್ತು. ಈಗ ಒಂದು ನದಿಯ ಒಂದು ವರ್ಷ ಅಂತ ಬರದೀನಿ. ಜೂನಿನ್ಯಾಗ ಕೆಂಪು ನೀರು ಬಂದು ಉಪ್ಪನ್ನ ಬಾಯಿತನಕ ತಳ್ಳೂದು, ಮಳಿ ನಿಂತ ಮ್ಯಾಲೆ ಭಾರದ ಉಪ್ಪುನೀರು ತಳದಾಗ ಬೆಣೆಯಂಗ ಒಳಗ ಹೊಗೂದು, ಮ್ಯಾಲೆ ಹಗುರ ಸಿಹಿನೀರು ಹೊರಗ ಹೋಗೂದು, ಏಪ್ರಿಲ್ ಮೇ ಹೊತ್ತಿಗೆ ಮ್ಯಾಲೆ ಕೆಳಗ ಎರಡೂ ಕಲತು ಉಪ್ಪಾಗೂದು. ವಿಧಗಳೆಲ್ಲಾ ಅದರಾಗ ತಾವಾಗಿ ಬಂದ್ವು, ಸಾಲ್ಟ್ ವೆಡ್ಜ್, ಪಾರ್ಶಿಯಲಿ ಮಿಕ್ಸ್ಡ್, ವೆಲ್ ಮಿಕ್ಸ್ಡ್, ಒಂದ ನದಿ ಒಂದ ವರ್ಷದಾಗ ಇವನ್ನೆಲ್ಲಾ ಆಗಬಹುದು. ಮೂರು ಬ್ಯಾರೆ ಬ್ಯಾರೆ ನದಿಯ ಚಿತ್ರ ಬಾಯಿಪಾಠ ಮಾಡೂದಕ್ಕಿಂತ ಇದು ನಂಗ ಎಷ್ಟೋ ಸಲೀಸು. ಕಾಳಿ ನದಿಗೆ ಮ್ಯಾಲೆ ಸೂಪಾ, ಕೊಡಸಳ್ಳಿ, ಕದ್ರಾ ಡ್ಯಾಮ್ ಅದಾವ, ಅಲ್ಲಿ ಬಿಟ್ಟ ನೀರಿನ ಲೆಕ್ಕದ ಮ್ಯಾಲೆ ಇಲ್ಲಿ ಕೆಳಗ ಏನಾಗತೈತಿ ಅನ್ನೂದನ್ನ ಕೊನೀಗೆ ಒಂದು ಪ್ಯಾರಾ ಸೇರಿಸೀನಿ.

ಗೆಳತಿ ಈಗಾಗಲೇ ಮಲಗ್ಯಾಳ. ನಾಳೆ ಬೆಳಿಗ್ಗೆ ಆರರ ಸುಮಾರಿಗೆ ಇಳಿತ ಐತಿ, ನಾಳೆ ಬಿಟ್ರ ನಾಡಿದ್ದು ಐವತ್ತು ನಿಮಿಷ ತಡ ಆಗತೈತಿ, ಆಮ್ಯಾಲೆ ಕ್ಲಾಸು. ಹಂಗಾಗಿ ನಾಳೇನ ಇಬ್ಬರೂ ಅಳಿವೆ ಕಡೆ ಹೋಗಿ ಅಲ್ಲೇ ರಿವಿಜನ್ ಮಾಡೂದು ಅಂತ ಮಾತಾಗೈತಿ, ಕಲ್ಲಿನ ಮ್ಯಾಲೆ ಯಾವ ಎತ್ತರಕ್ಕ ಏನು ಅಂಟಿಕೊಂಡೈತಿ ಅಂತ ಒಬ್ಬರಿಗೊಬ್ಬರು ಕೇಳಿಕೊಳ್ಳೂದು, ಎರಡು ಬಾಟಲಿನೂ ತೊಳದು ಇಟ್ಟೀನಿ. ಫೋನ್ ಇಡೂ ಮುಂದ ಅಪ್ಪ ಒಂದು ಮಾತು ಹೇಳಿದ, ಆತ ಇನ್ನೂ ಸಮುದ್ರ ನೋಡಿಲ್ಲ. 'ನಾಳೆ ಹೋದಾಗ ನದಿ ಬಾಯಾಗ ನಿಂತು ಒಂದು ಹನಿ ಬಾಯಿಗೆ ಹಾಕ್ಕೊಂಡು ನೋಡು, ಸಿಹಿ ಐತೋ ಉಪ್ಪೋ ಹೇಳು ನಂಗ' ಅಂದ. ಇಳಿತದಾಗ ಒಮ್ಮೆ, ಮಧ್ಯಾಹ್ನ ಭರತ ಬಂದಾಗ ಇನ್ನೊಮ್ಮೆ ನೋಡಿ ಎರಡೂ ಹೇಳತೀನಿ ಅಂದೀನಿ.